ದತ್ತಾಂಶ ಉಗ್ರಾಣಕ್ಕೆ ‘ಯೂಸರ್ ಸ್ಟೋರಿ’ ಬರೆಯುವ ಕ್ರಮ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಲೆಕ್ಕಪತ್ರಗಳನ್ನು ಗಣಕೀಕರಿಸದ ವ್ಯಾಪಾರ ಸಂಸ್ಥೆ ಇಂದು ವಿರಳ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲಂತೂ ಸಣ್ಣ ಅಂಗಡಿಯ ಬಿಲ್ಲು ಕೂಡ ಗಣಕಯಂತ್ರವನ್ನು ಹಾದುಹೋಗುವಂತಾಗಿದೆ. ಆದರೂ ವರ್ಷಾಂತ್ಯದಲ್ಲಿ ಮಾಲೀಕರು ಕೇಳುವ ಸರಳ ಪ್ರಶ್ನೆಗೆ, ಅಂದರೆ ಯಾವ ಸರಕಿನಲ್ಲಿ, ಯಾವ ಊರಿನಲ್ಲಿ, ಎಷ್ಟು ಲಾಭ ಉಳಿಯಿತು ಎಂಬುದಕ್ಕೆ, ತಕ್ಷಣ ಉತ್ತರ ದೊರೆಯುವುದಿಲ್ಲ. ಬಿಲ್ಲಿಂಗ್ ಒಂದು ತಂತ್ರಾಂಶದಲ್ಲಿರುತ್ತದೆ. ಗೋದಾಮಿನ ದಾಸ್ತಾನು ಎಕ್ಸೆಲ್ ಹಾಳೆಯಲ್ಲಿರುತ್ತದೆ. ಮಾರಾಟ ಪ್ರತಿನಿಧಿಗಳ ಆರ್ಡರುಗಳು ಮೊಬೈಲ್ ಆ್ಯಪಿನಲ್ಲಿರುತ್ತವೆ. ಸಾಗಣೆ ವೆಚ್ಚದ ರಸೀದಿಗಳು ಗುಮಾಸ್ತರ ಕಡತದಲ್ಲಿರುತ್ತವೆ. ಇವುಗಳನ್ನೆಲ್ಲ ಒಂದೆಡೆ ಕಲೆಹಾಕಿ, ಶುದ್ಧಗೊಳಿಸಿ, ಕಾಲಾನುಕ್ರಮದಲ್ಲಿ ಜೋಡಿಸಿಡುವ ವ್ಯವಸ್ಥೆಯೇ ಡೇಟಾ ವೇರ್‌ಹೌಸ್, ಅರ್ಥಾತ್ ದತ್ತಾಂಶದ ಉಗ್ರಾಣ.

ಈ ವಿಷಯದಲ್ಲಿ ಎರಡು ಹೆಸರುಗಳು ಪ್ರಮುಖವಾದವು. ಅಮೆರಿಕದ ಬಿಲ್ ಇನ್ಮನ್ ಅವರ ಗ್ರಂಥ 1992ರಲ್ಲಿಯೂ, ರಾಲ್ಫ್ ಕಿಂಬಾಲ್ ಅವರದು 1996ರಲ್ಲಿಯೂ ಪ್ರಕಟವಾದವು. ಇನ್ಮನ್ ಅವರ ಪ್ರಕಾರ ಉಗ್ರಾಣದೊಳಗೆ ಬಂದ ದತ್ತಾಂಶವನ್ನು ಅಳಿಸಿ ತಿದ್ದುವಂತಿಲ್ಲ. ಅದು ಕಾಲದ ಗುರುತನ್ನು ಹೊತ್ತಿರಬೇಕು. ಕಿರ್ದಿ ಪುಸ್ತಕದಲ್ಲಿ ಬರೆದುದನ್ನು ಹೊಡೆದುಹಾಕದೆ, ತಪ್ಪಾಗಿದ್ದರೆ ಮತ್ತೊಂದು ನಮೂದಿನಿಂದ ಸರಿಪಡಿಸುವ ಪದ್ಧತಿಯನ್ನು ಬಲ್ಲ ವರ್ತಕರಿಗೆ ಇದು ಹೊಸ ಮಾತೇನಲ್ಲ.

ಹಿಂದೆ ದೊಡ್ಡ ಕಂಪನಿಗಳಿಗಷ್ಟೇ ಸಾಧ್ಯವಾಗಿದ್ದ ಈ ವ್ಯವಸ್ಥೆ, ಗಣಕ ಸಾಮರ್ಥ್ಯವನ್ನು ಬಾಡಿಗೆಗೆ ಪಡೆಯುವ ಅನುಕೂಲ ಬಂದ ಮೇಲೆ ಮಧ್ಯಮ ಪ್ರಮಾಣದ ಸಂಸ್ಥೆಗಳಿಗೂ ಎಟುಕುತ್ತಿದೆ. ಯಂತ್ರದ ವೆಚ್ಚ ಕಡಿಮೆಯಾಗಿದೆಯೇ ಹೊರತು, ತನಗೆ ಏನು ಬೇಕೆಂಬುದನ್ನು ಸ್ಪಷ್ಟವಾಗಿ ಹೇಳಲಾರದ ಗ್ರಾಹಕನು ತೆರುವ ದಂಡ ಕಡಿಮೆಯಾಗಿಲ್ಲ. ತಂತ್ರಾಂಶ ಸಂಸ್ಥೆಯ ಪ್ರತಿನಿಧಿಗಳು ಮೊದಲ ಸಭೆಯಲ್ಲಿ “ನಿಮಗೆ ಯಾವ ವರದಿಗಳು ಬೇಕು?” ಎಂದು ಕೇಳುತ್ತಾರೆ. ಮಾಲೀಕರು “ಎಲ್ಲವೂ ಬೇಕು” ಎನ್ನುತ್ತಾರೆ. ಅನುಭವವಿಲ್ಲದ ತಂಡ ಅದನ್ನೇ ಬರೆದುಕೊಂಡು ಹೋಗುತ್ತದೆ. ಎಂಟು ಹತ್ತು ತಿಂಗಳ ತರುವಾಯ ನಲವತ್ತು ವರದಿಗಳು ಸಿದ್ಧವಾಗಿ ಬರುತ್ತವೆ. ಅವುಗಳ ಮೊತ್ತ ಲೆಕ್ಕಪುಸ್ತಕದೊಂದಿಗೆ ತಾಳೆಯಾಗುವುದಿಲ್ಲ. ಲೆಕ್ಕಾಧಿಕಾರಿಗಳು ಮರಳಿ ಎಕ್ಸೆಲ್ ಹಾಳೆಗೇ ಹೋಗುತ್ತಾರೆ. ಖರ್ಚಾದ ಹಣ ಮಾತ್ರ ಹಿಂದಿರುಗುವುದಿಲ್ಲ.

ಸ್ಟೋರಿ ಎಂದರೇನು?

ಇಂತಹ ಪ್ರಸಂಗಗಳನ್ನು ತಪ್ಪಿಸಲೆಂದು ತಂತ್ರಾಂಶ ಕ್ಷೇತ್ರದಲ್ಲಿ ರೂಢಿಗೆ ಬಂದ ಕಾರ್ಯವಿಧಾನಗಳಿಗೆ ಒಟ್ಟಾಗಿ ಅಜೈಲ್ ಎಂದು ಹೆಸರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಜ್ಞರು ಸೇರಿ ಇದರ ಪ್ರಣಾಳಿಕೆಯನ್ನು ಹೊರಡಿಸಿದರು. ಇಡೀ ಕೆಲಸವನ್ನು ಒಮ್ಮೆಗೇ ಯೋಜಿಸಿ ಕೊನೆಯಲ್ಲಿ ಒಪ್ಪಿಸುವ ಬದಲು, ಎರಡು ಮೂರು ವಾರಗಳಿಗೊಮ್ಮೆ ಬಳಕೆಗೆ ಬರುವಂತಹ ಚಿಕ್ಕ ಭಾಗವನ್ನು ಒಪ್ಪಿಸುತ್ತ, ಗ್ರಾಹಕನ ಅಭಿಪ್ರಾಯದಂತೆ ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವುದು ಇದರ ತಿರುಳು.

ಆ ಚಿಕ್ಕ ಭಾಗವನ್ನು ವಿವರಿಸುವ ಚೀಟಿಯೇ ಯೂಸರ್ ಸ್ಟೋರಿ, ಅಂದರೆ ಬಳಕೆದಾರನ ಅಗತ್ಯದ ಕಥನ. ಕ್ರೈಸ್ಲರ್ ಕಾರು ಕಂಪನಿಯ ವೇತನ ಲೆಕ್ಕದ ಯೋಜನೆಯಲ್ಲಿ ದುಡಿದ ಕೆಂಟ್ ಬೆಕ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಪ್ರಸಿದ್ಧಿಗೆ ಬಂದಿತು. ಆ ವೇತನ ಯೋಜನೆಯನ್ನು 2000ದಲ್ಲಿ ನಿಲ್ಲಿಸಲಾಯಿತೆಂಬುದೂ ನಿಜ. ಯಾವ ವಿಧಾನವೂ ಯಶಸ್ಸಿನ ಖಾತರಿ ಪತ್ರವಲ್ಲ. ಲಂಡನ್ನಿನ ಕನೆಕ್ಸ್‌ಟ್ರಾ ಎಂಬ ಸಂಸ್ಥೆಯಲ್ಲಿ 2001ರ ಸುಮಾರಿಗೆ ಇದಕ್ಕೆ ಮೂರು ಭಾಗದ ಒಂದು ವಾಕ್ಯರೂಪ ದೊರೆಯಿತು: ಯಾರಿಗೆ ಬೇಕು, ಏನು ಬೇಕು, ಯಾತಕ್ಕಾಗಿ ಬೇಕು. ಅದೇ ವರ್ಷ ರಾನ್ ಜೆಫ್ರಿಸ್ ಅವರು ಸ್ಟೋರಿಗೆ ಮೂರು ಅಂಗಗಳಿವೆಯೆಂದರು. ಮೊದಲನೆಯದು ಚೀಟಿ, ಎರಡನೆಯದು ಅದರ ಮೇಲಿನ ಮಾತುಕತೆ, ಮೂರನೆಯದು ಕೆಲಸ ಸರಿಯಾಗಿ ಮುಗಿಯಿತೆಂಬುದನ್ನು ದೃಢಪಡಿಸುವ ಪರೀಕ್ಷೆ. ಚೀಟಿಯನ್ನೇ ಕರಾರುಪತ್ರವೆಂದು ಭಾವಿಸುವವರು ಎರಡನೆಯ ಅಂಗವನ್ನು ಮರೆಯುತ್ತಾರೆ. ವಾಸ್ತವದಲ್ಲಿ ಸ್ಟೋರಿಯ ಬೆಲೆಯೆಲ್ಲ ಆ ಮಾತುಕತೆಯಲ್ಲಿಯೇ ಇದೆ.

ಮೂರು ಭಾಗಗಳಲ್ಲಿ ಹೆಚ್ಚಾಗಿ ಲೋಪವಾಗುವುದು ‘ಯಾತಕ್ಕಾಗಿ’ ಎಂಬುದು. “ಮಾರಾಟ ವಿಭಾಗದ ಮುಖ್ಯಸ್ಥರಿಗೆ, ವಿತರಕವಾರು ಮಾರಾಟದ ವರದಿ, ಮಾರಾಟವನ್ನು ನೋಡುವ ಸಲುವಾಗಿ ಬೇಕು” ಎಂಬಂತಹ ಚೀಟಿಗಳು ಸಾಕಷ್ಟು ಕಾಣಸಿಗುತ್ತವೆ. ಇದರಲ್ಲಿ ಕೊನೆಯ ಭಾಗ ಏನನ್ನೂ ತಿಳಿಸುವುದಿಲ್ಲ. ವರದಿ ಕೈಗೆ ಬಂದ ದಿನ ಆ ಅಧಿಕಾರಿ ಯಾವ ನಿರ್ಧಾರ ಕೈಗೊಳ್ಳುತ್ತಾರೆ, ವರದಿ ಇಲ್ಲದಿದ್ದರೆ ಯಾವ ನಿರ್ಧಾರ ತಪ್ಪುತ್ತದೆ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಆ ಚೀಟಿಯನ್ನು ಬದಿಗಿಡುವುದು ಲಾಭಕರ. ನಲವತ್ತು ವರದಿಗಳ ಪಟ್ಟಿ ಈ ಒಂದೇ ಪ್ರಶ್ನೆಯಿಂದ ಹನ್ನೆರಡಕ್ಕೆ ಇಳಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಒಂದು ಸ್ಟೋರಿಯ ಉದಾಹರಣೆ

ವಿಷಯ ಸ್ಪಷ್ಟವಾಗಲು ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪೊಟ್ಟಣದ ಖಾರ, ಚೂಡಾ, ಮಿಕ್ಸ್ಚರ್ ತಯಾರಿಸುವ ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳಬಹುದು. ಕಡಲೆಹಿಟ್ಟು, ಎಣ್ಣೆ, ಮುದ್ರಿತ ಪೊಟ್ಟಣಗಳು, ರಟ್ಟಿನ ಪೆಟ್ಟಿಗೆಗಳನ್ನು ಇದು ಹಲವು ಪೂರೈಕೆದಾರರಿಂದ ಕೊಳ್ಳುತ್ತದೆ. ಅವರಲ್ಲಿ ಅನೇಕರು ಕಿರು ಮತ್ತು ಸಣ್ಣ ಉದ್ದಿಮೆದಾರರು.

2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ 15ನೇ ಕಲಮಿನ ಪ್ರಕಾರ ಇಂತಹ ಪೂರೈಕೆದಾರರಿಗೆ ಲಿಖಿತ ಒಪ್ಪಂದದ ಅವಧಿಯೊಳಗೆ, ಅದೂ 45 ದಿನಗಳನ್ನು ಮೀರದಂತೆ, ಹಣ ಸಲ್ಲಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಷ್ಟೇ. ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ಮಾಸಿಕ ಚಕ್ರಬಡ್ಡಿ ತೆರಬೇಕಾಗುತ್ತದೆ. ಇದರ ಜೊತೆಗೆ, 2023ರ ಹಣಕಾಸು ಕಾಯ್ದೆ ತಂದ ನಿಯಮದಂತೆ 2024-25ನೇ ಕರನಿರ್ಧರಣಾ ವರ್ಷದಿಂದ, ಗಡುವು ಮೀರಿ ವರ್ಷಾಂತ್ಯಕ್ಕೂ ಉಳಿದ ಬಾಕಿಯನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ. ಪಾವತಿಯಾದ ವರ್ಷದಲ್ಲಿಯೇ ಕಳೆಯಬೇಕು. ನಗದು ಹರಿವಿನ ಮೇಲೆ ಇದರ ಪರಿಣಾಮ ಎಷ್ಟೆಂಬುದನ್ನು 2024ರ ಮಾರ್ಚ್ ತಿಂಗಳಲ್ಲಿ ಪರದಾಡಿದ ವರ್ತಕರಿಗೆ ವಿವರಿಸಬೇಕಾಗಿಲ್ಲ.

ಘಟಕದ ಲೆಕ್ಕಾಧಿಕಾರಿಗಳು ಬರೆಯುವ ಸ್ಟೋರಿ ಹೀಗಿರಬಹುದು: “ಲೆಕ್ಕ ವಿಭಾಗದ ಮುಖ್ಯಸ್ಥರಿಗೆ, ಮುಂದಿನ 10 ದಿನಗಳಲ್ಲಿ ಗಡುವು ಮುಟ್ಟುವ ಕಿರು ಮತ್ತು ಸಣ್ಣ ಪೂರೈಕೆದಾರರ ಬಿಲ್ಲುಗಳ ಪಟ್ಟಿ, ಪ್ರತಿ ಸೋಮವಾರ ಬೆಳಿಗ್ಗೆ ಬೇಕು, ಆ ವಾರದ ಪಾವತಿಗಳಲ್ಲಿ ಇವುಗಳಿಗೆ ಆದ್ಯತೆ ನೀಡುವುದಕ್ಕಾಗಿ.” ಯಾರು, ಏನು, ಯಾತಕ್ಕೆ ಎಂಬ ಮೂರೂ ಇಲ್ಲಿವೆ. ವಾಕ್ಯ ಚಿಕ್ಕದು. ಆದರೆ ತಂತ್ರಾಂಶ ತಂಡ ಇದನ್ನು ಮುಂದಿಟ್ಟುಕೊಂಡು ಮಾತಿಗೆ ಕುಳಿತಾಗ ಹೊರಬೀಳುವ ಸಂಗತಿಗಳನ್ನು ನೋಡಬೇಕು.

ದಿನಗಳನ್ನು ಎಂದಿನಿಂದ ಎಣಿಸಬೇಕು? ಲೆಕ್ಕದ ತಂತ್ರಾಂಶದಲ್ಲಿರುವುದು ಬಿಲ್ಲಿನ ದಿನಾಂಕ. ಕಾಯ್ದೆ ಎಣಿಸುವುದು ಸರಕನ್ನು ಅಂಗೀಕರಿಸಿದ ದಿನದಿಂದ. ಡೆಲಿವರಿ ಚಲನ್ ಮೇಲೆ ಸರಕು ಬಂದು, ತಿಂಗಳ ಕೊನೆಗೆ ಒಟ್ಟು ಬಿಲ್ಲು ಬರುವ ರೂಢಿ ಕೆಲವೆಡೆ ಇದೆ. ತೆರಿಗೆಯ ದೃಷ್ಟಿಯಿಂದ ಅದು ಎಷ್ಟು ಸರಿ ಎಂಬುದು ಬೇರೆಯೇ ಚರ್ಚೆ. ಜೂನ್ 3ರಂದು ಅಂಗೀಕರಿಸಿದ ರಟ್ಟಿನ ಪೆಟ್ಟಿಗೆಗಳಿಗೆ ಜೂನ್ 30ರ ಬಿಲ್ಲು ಬಂದಿದೆಯೆಂದುಕೊಳ್ಳೋಣ. ಬಿಲ್ಲಿನಿಂದ ಎಣಿಸಿದರೆ 45ನೇ ದಿನ ಆಗಸ್ಟ್ 14. ಅಂಗೀಕಾರದಿಂದ ಎಣಿಸಿದರೆ ಜುಲೈ 18. ನಡುವೆ 27 ದಿನಗಳ ಅಂತರ. ವರದಿ ಅಚ್ಚುಕಟ್ಟಾಗಿ ಮುದ್ರಿತವಾಗಿ ಬರುತ್ತದೆ, ಆದರೆ ಗಡುವು ದಾಟಿದ ಬಿಲ್ಲನ್ನು ಸುರಕ್ಷಿತವೆಂದು ತೋರಿಸುತ್ತದೆ. ಅಂಗೀಕಾರದ ದಿನಾಂಕ ಎಲ್ಲಿದೆಯೆಂದು ಹುಡುಕಿದರೆ ಅದು ಗೋದಾಮಿನ ಒಳಬರುವ ಸರಕಿನ ವಹಿಯಲ್ಲಿ, ಮೇಸ್ತ್ರಿಯ ಕೈಬರಹದಲ್ಲಿ ಸಿಗುತ್ತದೆ.

ಎರಡನೆಯ ಪ್ರಶ್ನೆ: ಯಾವ ಪೂರೈಕೆದಾರ ಕಿರು, ಯಾರು ಸಣ್ಣ, ಯಾರು ಮಧ್ಯಮ? ಮಧ್ಯಮ ಉದ್ದಿಮೆಗಳಿಗೂ, ಬರಿಯ ಮಾರಾಟಗಾರರಾದ ವರ್ತಕರಿಗೂ ಈ ರಕ್ಷಣೆ ಅನ್ವಯಿಸುವುದಿಲ್ಲ. ಪೂರೈಕೆದಾರರ ಪಟ್ಟಿಯಲ್ಲಿ ಉದ್ಯಮ್ ನೋಂದಣಿಯ ವಿವರಕ್ಕೆ ಕಾಲಮೇ ಇಲ್ಲದಿದ್ದರೆ ಗಣಕಯಂತ್ರ ಅದನ್ನು ಊಹಿಸಲಾರದು. ಮೂರನೆಯದು: ಯಾರೊಂದಿಗೆ ಲಿಖಿತ ಒಪ್ಪಂದವಿದೆ, ಯಾರೊಂದಿಗೆ ಇಲ್ಲ? ಹೀಗೆ ನಾಲ್ಕು ಸಾಲಿನ ಒಂದು ಚೀಟಿ ಗೋದಾಮು, ಖರೀದಿ, ಲೆಕ್ಕ ಈ ಮೂರೂ ವಿಭಾಗಗಳಲ್ಲಿನ ಕೊರತೆಗಳನ್ನು ಬೆಳಕಿಗೆ ತರುತ್ತದೆ. ಉಗ್ರಾಣ ನಿರ್ಮಾಣಕ್ಕೆ ಒಂದು ರೂಪಾಯಿ ಖರ್ಚಾಗುವ ಮೊದಲೇ ಇದು ತಿಳಿದುದು ಲಾಭ. ಗೋದಾಮಿನ ನಮೂದನ್ನು ಗಣಕಯಂತ್ರಕ್ಕೆ ತರುವುದು ಮೊದಲ ಕೆಲಸವೆಂದು ಆಗ ನಿಶ್ಚಯವಾಗುತ್ತದೆ.

ಅಡ್ಡ ಸೀಳು, ಉದ್ದ ಸೀಳು

ಸಾಮಾನ್ಯ ತಂತ್ರಾಂಶಕ್ಕೂ ಉಗ್ರಾಣಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬಿಲ್ಲಿಂಗ್ ಪರದೆಯನ್ನು ಬದಲಿಸಿದರೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಉಗ್ರಾಣದ ಕೆಲಸದ ಬಹುಭಾಗ ಕಣ್ಣಿಗೆ ಕಾಣದು: ಮೂಲ ತಂತ್ರಾಂಶಗಳಿಂದ ದತ್ತಾಂಶವನ್ನು ಸೆಳೆಯುವುದು, ಶುದ್ಧಿ ಮಾಡುವುದು, ಹೊಂದಿಸುವುದು, ತುಂಬುವುದು. ಆದುದರಿಂದ ತಂಡಗಳು ಸಹಜವಾಗಿ ಪದರ ಪದರವಾಗಿ ಕೆಲಸ ಹಂಚಿಕೊಳ್ಳುತ್ತವೆ. ಮೊದಲ ತಿಂಗಳು ಎಲ್ಲ ಮೂಲಗಳಿಂದ ಸೆಳೆಯುವುದು, ಮುಂದಿನ ಎರಡು ತಿಂಗಳು ಶುದ್ಧೀಕರಣ, ಅದರ ಮುಂದಿನ ತಿಂಗಳು ಕೋಷ್ಟಕಗಳು, ಕಟ್ಟಕಡೆಗೆ ವರದಿಗಳು. “ತಂತ್ರಜ್ಞನಾಗಿ ನನಗೆ ಗ್ರಾಹಕರ ಕೋಷ್ಟಕವನ್ನು ತುಂಬಬೇಕು” ಎಂದು ಬರೆದು ಅದನ್ನೂ ಸ್ಟೋರಿ ಎಂದು ಕರೆಯುತ್ತಾರೆ. ಅದು ಕೆಲಸಗಾರನ ದಿನಚರಿಯೇ ಹೊರತು ಬಳಕೆದಾರನ ಅಗತ್ಯವಲ್ಲ. ಈ ರೀತಿಯ ಯೋಜನೆ ಐದನೆಯ ತಿಂಗಳಲ್ಲಿ ನಿಂತುಹೋದರೆ ಗ್ರಾಹಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇದಕ್ಕೆ ಬದಲಾಗಿ, ಕೆಲಸವನ್ನು ಉದ್ದುದ್ದವಾಗಿ ಸೀಳಬೇಕು. ಒಂದೇ ಮೂಲ, ಒಂದೇ ಶಾಖೆ, ಒಂದೇ ಅಳತೆ. ಆದರೆ ಮೂಲದಿಂದ ವರದಿಯವರೆಗೆ ಪೂರ್ಣ. ಮೇಲಿನ ಘಟಕದಲ್ಲಿ ಮೊದಲ ಎರಡು ವಾರ ಮುದ್ರಿತ ಪೊಟ್ಟಣಗಳ ಪೂರೈಕೆದಾರರಷ್ಟನ್ನೇ ಹಿಡಿದು ಗಡುವಿನ ಪಟ್ಟಿ ತಯಾರಿಸಬಹುದು. ಮುಂದಿನ ಎರಡು ವಾರ ಉಳಿದ ಪೂರೈಕೆದಾರರು. ಪಟ್ಟಿ ಮೊದಲಿಗೆ ಸಾದಾ ಹಾಳೆಯಲ್ಲಿ ಬಂದರೂ ಅಡ್ಡಿಯಿಲ್ಲ. ಬಣ್ಣದ ನಕ್ಷೆಗಳು ಕಾಯಬಲ್ಲವು. ಅಮೆರಿಕದ ರಾಲ್ಫ್ ಹ್ಯೂಸ್ ಅವರು 2008ರ ತಮ್ಮ ಗ್ರಂಥದಲ್ಲಿ, ಬಳಕೆದಾರನ ಸ್ಟೋರಿಯ ಅಡಿಯಲ್ಲಿಯೇ ತಂತ್ರಜ್ಞರಿಗಾಗಿ ಉಪ-ಸ್ಟೋರಿಗಳನ್ನು ಬರೆಯುವ ಕ್ರಮವನ್ನು ಸೂಚಿಸಿದ್ದಾರೆ. ಇದು ವ್ಯವಹಾರಕ್ಕೆ ಒಗ್ಗುವ ಸಲಹೆ. ಒಳಗಿನ ಕೆಲಸಕ್ಕೂ ಚೀಟಿ ಇರಲಿ, ಆದರೆ ಪ್ರತಿಯೊಂದಕ್ಕೂ ಮೇಲೊಬ್ಬ ಬಳಕೆದಾರನ ಹೆಸರು ಇರಲೇಬೇಕು.

ಬಿಲ್ ವೇಕ್ ಅವರು 2003ರಲ್ಲಿ ಹೇಳಿದ ಒಳ್ಳೆಯ ಸ್ಟೋರಿಯ ಆರು ಲಕ್ಷಣಗಳಲ್ಲಿ ಸ್ವತಂತ್ರವಾಗಿರಬೇಕು ಎಂಬುದೂ ಒಂದು. ಉಗ್ರಾಣದಲ್ಲಿ ಇದು ಪೂರ್ತಿ ಸಾಧ್ಯವಿಲ್ಲ. ಪೂರೈಕೆದಾರರ ಶುದ್ಧ ಪಟ್ಟಿ ಹತ್ತು ಸ್ಟೋರಿಗಳಿಗೆ ಬೇಕು. ಅದರ ವೆಚ್ಚವೆಲ್ಲ ಮೊದಲ ಸ್ಟೋರಿಯ ತಲೆಯ ಮೇಲೆ ಬೀಳುತ್ತದೆ. ಮೊದಲ ಅಂದಾಜು ಹೆಚ್ಚೆಂದು ಕಂಡಾಗ ಮಾಲೀಕರು ಗಾಬರಿಯಾಗಬೇಕಿಲ್ಲ. ಎರಡನೆಯದು, ಮೂರನೆಯದು ಇಳಿಯುತ್ತಿವೆಯೇ ಎಂದು ನೋಡಬೇಕು. ಇಳಿಯದಿದ್ದರೆ ಆಗ ಕೇಳುವುದು ನ್ಯಾಯ.

ಶುದ್ಧ ಪಟ್ಟಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಒಂದೇ ಅಂಗಡಿ ಮೂರು ಕಾಗುಣಿತಗಳಲ್ಲಿ ಮೂರು ಖಾತೆಗಳಾಗಿರುವುದು ಎಲ್ಲೆಡೆ ಕಾಣುವ ಸಂಗತಿ. ಜಿ.ಎಸ್.ಟಿ. ಸಂಖ್ಯೆಯಿಂದ ಇದನ್ನು ಹಿಡಿಯಬಹುದೆಂದು ತಂತ್ರಜ್ಞರು ಹೇಳುತ್ತಾರೆ. 15 ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್. ಆದರೆ ಒಂದೇ ಸಂಖ್ಯೆಯಡಿ ಒಂದೇ ರಾಜ್ಯದಲ್ಲಿ ಹಲವು ಅಂಗಡಿಗಳಿರಬಹುದು, ಮತ್ತು ನೋಂದಣಿಯಿಲ್ಲದ ಹಳ್ಳಿಯ ಕಿರಾಣಿ ಅಂಗಡಿಗೆ ಆ ಸಂಖ್ಯೆಯೇ ಇರುವುದಿಲ್ಲ. ಹೊಂದಿಸುವ ನಿಯಮವನ್ನು ಮಾರಾಟ ಪ್ರತಿನಿಧಿಗಳೊಂದಿಗೆ ಕುಳಿತು ನಿರ್ಧರಿಸುವುದೇ ಸರಿ.

‘ಮಾರಾಟ’ ಎಂದರೆ ಯಾವುದು?

ಎರಡು ವಿಭಾಗಗಳು ಒಂದೇ ತಿಂಗಳಿಗೆ ಎರಡು ಮಾರಾಟದ ಮೊತ್ತಗಳನ್ನು ತಂದಿಡುವುದು ಅಪರೂಪವಲ್ಲ. ಮಾರಾಟ ವಿಭಾಗ ಆರ್ಡರ್ ಬಂದ ದಿನವನ್ನು ಎಣಿಸುತ್ತದೆ, ಲೆಕ್ಕ ವಿಭಾಗ ಬಿಲ್ಲು ಆದ ದಿನವನ್ನು. ಒಬ್ಬರು ತೆರಿಗೆ ಸೇರಿಸಿ, ಇನ್ನೊಬ್ಬರು ಬಿಟ್ಟು. ಹಿಂದಿರುಗಿದ ಸರಕನ್ನು ಒಬ್ಬರು ಆ ತಿಂಗಳಲ್ಲಿ, ಮತ್ತೊಬ್ಬರು ಮೂಲ ಬಿಲ್ಲಿನ ತಿಂಗಳಲ್ಲಿ ಕಳೆಯುತ್ತಾರೆ. ಇಬ್ಬರ ಲೆಕ್ಕವೂ ತಪ್ಪಲ್ಲ, ಹೆಸರು ಮಾತ್ರ ಒಂದೇ. ಸ್ಟೋರಿಯಲ್ಲಿ ‘ಮಾರಾಟ’ ಎಂದಷ್ಟೇ ಬರೆದರೆ ಈ ವಿವಾದ ಗಣಕಯಂತ್ರದೊಳಕ್ಕೂ ಹೋಗಿ ಸೇರುತ್ತದೆ.

ಇದರೊಡನೆ ಇತಿಹಾಸದ ಪ್ರಶ್ನೆಯೂ ಇದೆ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಪರಿಷ್ಕರಣೆಗೊಂಡಾಗ ಪೊಟ್ಟಣದ ಖಾರ, ಮಿಕ್ಸ್ಚರ್‌ಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಸರಕಿನ ಪಟ್ಟಿಯಲ್ಲಿ ದರವನ್ನು ಸುಮ್ಮನೆ ತಿದ್ದಿದ ಉಗ್ರಾಣದಲ್ಲಿ ಹಳೆಯ ಬಿಲ್ಲುಗಳೂ ಶೇ. 5ರಂತೆ ಲೆಕ್ಕವಾಗುತ್ತವೆ, ಆಗಸ್ಟ್‌ನಲ್ಲಿ ಮಾರಿದ ಸರಕು ಅಕ್ಟೋಬರಿನಲ್ಲಿ ಹಿಂದಿರುಗಿದರೆ ಕ್ರೆಡಿಟ್ ನೋಟಿನ ಲೆಕ್ಕ ಕೆಡುತ್ತದೆ. ಹಳೆಯ ದರವನ್ನು ಅದರ ಅವಧಿಯೊಂದಿಗೆ ಉಳಿಸಿ, ಹೊಸದನ್ನು ಬೇರೆ ಸಾಲಾಗಿ ಸೇರಿಸುವುದು ಸರಿಯಾದ ಕ್ರಮ.

ಹೋಲಿಕೆಯೂ ಜಾಣ್ಮೆಯಿಂದ ಆಗಬೇಕು. ತೆರಿಗೆ ಸೇರಿ 10 ರೂಪಾಯಿಯ ಪೊಟ್ಟಣದಲ್ಲಿ ತೆರಿಗೆಪೂರ್ವ ಮೌಲ್ಯ ಮೊದಲು 8 ರೂ. 93 ಪೈಸೆ, ಈಗ 9 ರೂ. 52 ಪೈಸೆ. ಬೆಲೆ 10 ರೂಪಾಯಿಯೇ ಉಳಿದು, ಮಾರಾಟವಾದ ಪೊಟ್ಟಣಗಳ ಸಂಖ್ಯೆ ಒಂದೂ ಹೆಚ್ಚದಿದ್ದರೂ ತೆರಿಗೆಪೂರ್ವ ಮೊತ್ತ ಶೇ. 6.67ರಷ್ಟು ಬೆಳೆದಂತೆ ಕಾಣುತ್ತದೆ. ತೆರಿಗೆ ಇಳಿಕೆಯ ಪ್ರಯೋಜನವನ್ನು ಗ್ರಾಹಕರಿಗೆ ತಲುಪಿಸಲು ಪೊಟ್ಟಣದ ತೂಕವನ್ನು ಹೆಚ್ಚಿಸಿದ್ದರೆ ವೆಚ್ಚವೂ ಏರಿರುತ್ತದೆ. ಆ ‘ಬೆಳವಣಿಗೆ’ಯನ್ನು ನಂಬಿ ಮಾರಾಟ ಪ್ರತಿನಿಧಿಗಳಿಗೆ ಪ್ರೋತ್ಸಾಹಧನ ಹಂಚಿದರೆ ಅದು ಕೈಯಿಂದ ಹೋದ ಹಣ. ಸ್ಟೋರಿಯಲ್ಲಿ ಅಳತೆ ಯಾವುದೆಂದು ಹೇಳಿರಬೇಕು: ರೂಪಾಯಿಯೋ, ಪೊಟ್ಟಣವೋ, ಕಿಲೋಗ್ರಾಮೋ.

ತಾಳೆಯೇ ಪರೀಕ್ಷೆ

ಜೆಫ್ರಿಸ್ ಅವರ ಮೂರನೆಯ ಅಂಗವಾದ ಪರೀಕ್ಷೆಯಲ್ಲಿ ವ್ಯಾಪಾರಸ್ಥರು ತಂತ್ರಜ್ಞರಿಗಿಂತ ಮುಂದಿದ್ದಾರೆ. ತಾಳೆ ನೋಡುವುದು ಅವರ ನಿತ್ಯದ ಅಭ್ಯಾಸ. ಮಾರಾಟದ ಸ್ಟೋರಿಯಾದರೆ ಆ ತಿಂಗಳ ಮೊತ್ತ ಜಿ.ಎಸ್.ಟಿ.ಆರ್.-1ರಲ್ಲಿ ಸಲ್ಲಿಸಿದ ಮೌಲ್ಯದೊಂದಿಗೆ ಹೊಂದಬೇಕು. ವ್ಯತ್ಯಾಸವಿದ್ದರೆ ಬಿಲ್ಲುವಾರು ಕಾರಣ ದೊರೆಯಬೇಕು. ಪೂರೈಕೆದಾರರ ಬಾಕಿಯಾದರೆ ಒಟ್ಟು ಮೊತ್ತ ತಾಳೆಪಟ್ಟಿಯ ಸಾಲಗಾರರ ಶಿಲ್ಕಿನೊಂದಿಗೆ ಕೂಡಬೇಕು. ಪಟ್ಟಿ ಸೋಮವಾರ ಬೆಳಿಗ್ಗೆ ಎಷ್ಟು ಗಂಟೆಯೊಳಗೆ ಸಿದ್ಧವಾಗಿರಬೇಕು, ಶನಿವಾರದ ನಮೂದುಗಳು ಅದರಲ್ಲಿ ಸೇರಿರಬೇಕೇ, ಅಂಗೀಕಾರದ ದಿನಾಂಕವಿಲ್ಲದ ಬಿಲ್ಲನ್ನು ಬಿಟ್ಟುಬಿಡಬೇಕೇ ಅಥವಾ ಪ್ರತ್ಯೇಕವಾಗಿ ತೋರಿಸಬೇಕೇ ಎಂಬುದನ್ನೂ ಬರೆದಿಡಬೇಕು. ಬಿಟ್ಟುಬಿಡುವುದು ಎಂದಿಗೂ ಕೂಡದು. ಕಾಣದ ಬಿಲ್ಲೇ ಬಡ್ಡಿ ಹೇರುವ ಬಿಲ್ಲು.

ಪರೀಕ್ಷೆಯ ಸಾಲುಗಳನ್ನು ಕೆಲಸ ಆರಂಭವಾಗುವ ಮೊದಲೇ ಬರೆಯತಕ್ಕದ್ದು. ತರುವಾಯ ಬರೆದರೆ ಬಂದ ಉತ್ತರಕ್ಕೆ ಹೊಂದುವಂತೆ ಪರೀಕ್ಷೆ ರೂಪುಗೊಳ್ಳುತ್ತದೆ.

ಹಣದ ವಿಚಾರ. ತಂತ್ರಾಂಶ ಸಂಸ್ಥೆಗಳೊಂದಿಗಿನ ಒಪ್ಪಂದಗಳಲ್ಲಿ “ವಿನ್ಯಾಸ ಮುಗಿದಾಗ ಶೇ. 30, ಅಭಿವೃದ್ಧಿ ಮುಗಿದಾಗ ಶೇ. 40” ಎಂಬ ಕಂತುಗಳು ಕಂಡುಬರುತ್ತವೆ. ವಿನ್ಯಾಸ ಮುಗಿಯಿತೆಂದು ಹೇಳುವವರು ಯಾರು? ತಾಳೆಯಾಗಿ ಅಂಗೀಕೃತವಾದ ಸ್ಟೋರಿಗಳಿಗೆ ಕಂತು ಎಂದು ನಮೂದಿಸುವುದು ಮೇಲು. ಕೆಲವು ತಂಡಗಳು ಕೆಲಸದ ಗಾತ್ರವನ್ನು ‘ಸ್ಟೋರಿ ಪಾಯಿಂಟ್’ ಎಂಬ ಘಟಕದಲ್ಲಿ ಅಳೆಯುತ್ತವೆ. ಅದು ತಂಡದ ಒಳಗಿನ ಹೋಲಿಕೆಯ ಅಳತೆ. ಗಂಟೆಯೂ ಅಲ್ಲ, ರೂಪಾಯಿಯೂ ಅಲ್ಲ. ಪಾಯಿಂಟಿಗೆ ಇಷ್ಟು ದರವೆಂದು ಒಪ್ಪಿಕೊಂಡ ಗ್ರಾಹಕ, ಅಳತೆಗೋಲನ್ನು ಮಾರುವವನ ಕೈಗೇ ಕೊಟ್ಟಂತೆ.

ಕಡೆಯದಾಗಿ, ಸಂಸ್ಥೆಯ ಕಡೆಯಿಂದ ತೀರ್ಮಾನ ಹೇಳಬಲ್ಲ ಒಬ್ಬ ವ್ಯಕ್ತಿಯನ್ನು ಈ ಕೆಲಸಕ್ಕೆ ನೇಮಿಸಬೇಕು. ಮಾಲೀಕರೇ ಆಗಬೇಕೆಂದಿಲ್ಲ; ಗೋದಾಮು, ಲೆಕ್ಕ, ಮಾರಾಟ ಮೂರನ್ನೂ ಬಲ್ಲ ಹಿರಿಯ ಲೆಕ್ಕಾಧಿಕಾರಿಗಳು ಸಾಕು, ಆದರೆ ಅವರ ಮಾತೇ ಅಂತಿಮವಾಗಿರಬೇಕು. ವಾರಕ್ಕೆ ಎರಡು ಮೂರು ಗಂಟೆಗಳ ಬಿಡುವು, ಎರಡು ವಾರಕ್ಕೊಮ್ಮೆ ಪರಿಶೀಲನಾ ಸಭೆ, ಇಷ್ಟನ್ನು ಅವರಿಗೆ ದೊರಕಿಸಿಕೊಡಬೇಕು. ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವ ಸಂಸ್ಥೆಗಳಲ್ಲಿ 11ರಂದು ಜಿ.ಎಸ್.ಟಿ.ಆರ್.-1, 20ರಂದು 3ಬಿ ಗಡುವು ಇರುವುದರಿಂದ, ಆ ದಿನಗಳ ಆಸುಪಾಸಿನಲ್ಲಿ ಇಟ್ಟ ಸಭೆಗೆ ಲೆಕ್ಕಾಧಿಕಾರಿಗಳು ಬರಲಾರರು. ಬಂದರೂ ಅವರ ಗಮನ ಬೇರೆಡೆ ಇರುತ್ತದೆ. ತಿಂಗಳ ಮೊದಲ ವಾರ ಒಂದು, 22ರ ನಂತರ ಒಂದು ಎಂದು ದಿನಗಳನ್ನು ಒಪ್ಪಂದದ ಹಂತದಲ್ಲಿಯೇ ಗೊತ್ತುಪಡಿಸಿಕೊಳ್ಳುವುದು ಉಚಿತ.